ಟ್ಯಾಂಕಿನ ಮೇಲಿನ ಚಿನ್ನದ ಗೆರೆ

ನಮ್ಮ ಅಡುಗೆಮನೆಯಲ್ಲಿ ಸೌಟು, ಚಮಚ, ಜಾಲರಿ ಎಲ್ಲ ನಿಲ್ಲಿಸಿರುವ ಸ್ಟೀಲ್ ಡಬ್ಬಿಯೊಳಗೆ ಒಂದು ಬ್ರಶ್ಶೂ ಇದೆ. ಹಿಡಿ ನನ್ನ ಕಿರುಬೆರಳಿನಷ್ಟು ಗಿಡ್ಡ. ಕೂದಲು ಮಾತ್ರ ಹಿಡಿಯಷ್ಟೇ ಉದ್ದ. ಒಣಗಬಾರದೆಂದು ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಇಟ್ಟಿರುತ್ತೇನೆ. ಮೊನ್ನೆ ನನ್ನ ತಂಗಿ ಬಂದಿದ್ದವಳು ದೋಸೆ ಕಾವಲಿಗೆ ಎಣ್ಣೆ ಹಾಕುತ್ತೇನೆಂದು ಸೀದಾ ಅದಕ್ಕೇ ಕೈ ಹಾಕಿದಳು. "ಅಯ್ಯಯ್ಯೋ, ಅದನ್ನ ಮುಟ್ಟಬೇಡ್ವೇ!" ಎಂದು ನಾನು ಕಿರುಚಿದ ರಭಸಕ್ಕೆ ಪಾಪ, ಹಿಟ್ಟಿನ ಸೌಟನ್ನೇ ಕೆಳಗೆ ಬಿಟ್ಟಳು. "ಇದೇನೇ ಅಕ್ಕ, ಯಾವುದೋ ಅಳಿಲಿನ ಬಾಲ ಇದ್ದ ಹಾಗಿದೆ. ಇದನ್ನ ಅಡುಗೆಮನೇಲಿ ಇಟ್ಕೊಂಡಿದ್ದೀಯಲ್ಲ" ಎಂದಳು.

ಅದು ಗಾಡಿಗಳ ಮೇಲೆ ಗೆರೆ ಎಳೆಯುವ ಬ್ರಶ್ಶು. ಹಳೆಯ ಬೈಕಿನ ಟ್ಯಾಂಕಿನ ಅಂಚಿನಲ್ಲಿ, ಹಳೆಯ ಕಾರುಗಳ ಪಕ್ಕೆಯ ಉದ್ದಕ್ಕೂ ದಾರದಷ್ಟು ಸಣ್ಣ ಗೆರೆ ಇರುತ್ತದಲ್ಲ, ಅದನ್ನು ಎಳೆಯುವುದಕ್ಕೆ. ಐವತ್ತೆಂಟು ವಯಸ್ಸಿನ ನನಗೆ, ಸೈಕಲ್ ಬಿಟ್ಟರೆ ಬೇರೆ ಯಾವ ಗಾಡಿಯನ್ನೂ ಓಡಿಸಲು ಬಾರದ ನನಗೆ, ಆ ವಿದ್ಯೆ ಏಕೆ ಬೇಕಾಯಿತು ಎಂದು ನೀವೂ ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬಳಸಿ ಹೇಳುವುದು ನನ್ನ ಅಭ್ಯಾಸ.

ನಾನು ಹುಟ್ಟಿ ಬೆಳೆದದ್ದು ಲಕ್ಷ್ಮೀಪುರಂನಲ್ಲಿ. ನಮ್ಮ ಅಜ್ಜಿಗೆ ಇಡೀ ಬೀದಿಯಲ್ಲಿ ರಂಗೋಲಿ ಅಜ್ಜಿ ಎಂದೇ ಹೆಸರು. ನನಗೆ ಐದು ವರ್ಷವಾದಾಗ ಒಂದು ಹಿಡಿ ರಂಗೋಲಿ ಪುಡಿ ಕೈಗೆ ಕೊಟ್ಟು, "ಎಳಿ ನೋಡೋಣ" ಎಂದು ಕೂರಿಸಿದವರು ಅವರು. ಪುಡಿ ಹೆಬ್ಬೆರಳು ತೋರುಬೆರಳಿನ ನಡುವೆ ಒಂದೇ ಸಮ ಜಾರಬೇಕು, ಎಳೆ ಎಲ್ಲೂ ದಪ್ಪವಾಗಬಾರದು, ಎಲ್ಲೂ ಹರಿಯಬಾರದು. ಹರಿದರೆ ಅಜ್ಜಿ ಬೈಯುತ್ತಿರಲಿಲ್ಲ. ಒಂದು ಚೊಂಬು ನೀರು ತಂದು ಇಡೀ ರಂಗೋಲಿಯ ಮೇಲೆ ಹುಯ್ದುಬಿಡುತ್ತಿದ್ದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಹಾಗೆ ಕಲಿತ ಕೈ ನನ್ನದು. ಮದುವೆಯಾಗಿ ಒಂಟಿಕೊಪ್ಪಲಿಗೆ ಬಂದ ಮೇಲೆ ನಮ್ಮ ಬೀದಿಯಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ಹೊಸಿಲಿನ ಮುಂದಿನ ರಂಗೋಲಿ ನನ್ನದೇ. ನನ್ನ ಜಂಬವನ್ನು ನೀವು ಕ್ಷಮಿಸಬೇಕು. ಅದು ಹೆಚ್ಚು ದಿನ ಉಳಿಯಲಿಲ್ಲ.

ಹೋದ ವರ್ಷ ಅಂಗಳ ತೊಳೆದು, ನಾನೇ ಹುಯ್ದ ನೀರಿನಲ್ಲಿ ನಾನೇ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬ್ಯಾಂಡೇಜೂ ಬಿಚ್ಚಿದರು, ಆದರೆ ಕೈಗೆ ಒಂದು ಸಣ್ಣ ನಡುಕ ಬಂದು ಕೂತಿತು. ಸಾರು ಬಡಿಸುವಾಗ, ಸೂಜಿಗೆ ದಾರ ಪೋಣಿಸುವಾಗ ಸರಿ, ಹೇಗೋ ನಡೆದುಹೋಗುತ್ತದೆ. ಪುಡಿ ಹಿಡಿದು ಬಗ್ಗಿದರೆ ಮಾತ್ರ ಎಳೆ ಇರುವೆ ಸಾಲಿನ ಹಾಗೆ ಅತ್ತ ಇತ್ತ ಹೋಗುತ್ತಿತ್ತು. ಮೂರು ತಿಂಗಳು ಪ್ರಯತ್ನ ಪಟ್ಟೆ. ಆಮೇಲೆ ಒಂದು ದಿನ ದೇವರಾಜ ಮಾರುಕಟ್ಟೆಗೆ ಹೋಗಿ, ಯಾರೂ ಗುರುತಿನವರು ನೋಡುತ್ತಿಲ್ಲ ತಾನೇ ಎಂದು ಹಿಂದೆ ಮುಂದೆ ನೋಡಿ, ಒಂದು ಪ್ಲಾಸ್ಟಿಕ್ ರಂಗೋಲಿ ಸ್ಟಿಕ್ಕರ್ ತಂದೆ. ಹೊಸಿಲಿಗೆ ಅಂಟಿಸಿದೆ.

ಎದುರುಮನೆಯ ಕಮಲಮ್ಮ ಮಾರನೆಯ ದಿನವೇ ಕೇಳಿದರು. "ಏನ್ರೀ ಸರೋಜಮ್ಮ, ನೀವೂ ಸ್ಟಿಕ್ಕರ್ರಾ?"

"ಈಗೆಲ್ಲ ಇದೇ ಫ್ಯಾಶನ್ ಕಣ್ರೀ" ಎಂದು ನಕ್ಕು ಒಳಗೆ ಬಂದು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅತ್ತೆ. ಫಿಸಿಯೋಥೆರಪಿ ಮಾಡಿಸುವ ಹುಡುಗಿ ಬಹಳ ಒಳ್ಳೆಯವಳು. ಚೆಂಡು ಅದುಮಿಸುತ್ತಿದ್ದಳು, ಮಣಿಕಟ್ಟು ತಿರುಗಿಸುತ್ತಿದ್ದಳು, "ಬರತ್ತೆ ಆಂಟಿ, ಬರತ್ತೆ" ಎನ್ನುತ್ತಿದ್ದಳು. ನನ್ನ ಕೈ ನನಗೆ ವಾಪಸು ಸಿಗುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಬೆಳಗಾಗೆದ್ದರೆ ನನ್ನ ತಲೆಯಲ್ಲಿ. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಇನ್ನು ನಮ್ಮ ಯಜಮಾನರ ವಿಚಾರ. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ನನ್ನ ಅಡುಗೆಯ ಬಗ್ಗೆ ಅವರು ಹೇಳುವ ಅತಿ ದೊಡ್ಡ ಹೊಗಳಿಕೆ "ತಪ್ಪೇನಿಲ್ಲ". ಅವರಿಗೆ ಪ್ರಪಂಚದಲ್ಲಿ ನಿಜವಾಗಿ ಪ್ರೀತಿ ಇರುವುದು ತಮ್ಮ ಹಳೆಯ ಬುಲೆಟ್ಟಿನ ಮೇಲೆ. ಅದರ ಕಪ್ಪು ಟ್ಯಾಂಕಿನ ಎರಡೂ ಪಕ್ಕಕ್ಕೆ ಕೈಯಲ್ಲಿ ಎಳೆದ ಚಿನ್ನದ ಬಣ್ಣದ ಗೆರೆ ಇತ್ತು. ಟ್ಯಾಂಕಿಗೆ ತುಕ್ಕು ಹಿಡಿಯಿತೆಂದು ಒಂದು ಗ್ಯಾರೇಜಿಗೆ ಕೊಟ್ಟರೆ ಅವರು ಗೆರೆಯ ಮೇಲೂ ಕಪ್ಪು ಬಣ್ಣ ಹೊಡೆದು, "ಸಾರ್, ಸ್ಟಿಕ್ಕರ್ ಹಾಕ್ಕೊಡ್ತೀವಿ" ಎಂದರು. ಆ ಮಾತಿಗೆ ಇವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮನೆಗೆ ಬಂದ ಎರಡನೇ ಸ್ಟಿಕ್ಕರ್ ವಿಚಾರ ಅದು, ಒಳಗೊಳಗೇ ನನಗೆ ಇವರ ದುಃಖ ಅರ್ಥವಾಯಿತು.

ನಜರ್‌ಬಾದಿನಲ್ಲಿ ಸಿದ್ದರಾಜು ಎಂಬವರಿದ್ದಾರೆ, ಇನ್ನೂ ಕೈಯಲ್ಲೇ ಗೆರೆ ಎಳೆಯುತ್ತಾರೆ ಎಂದು ಯಾರೋ ಹೇಳಿದರು. ಅವತ್ತು ಫಿಸಿಯೋಥೆರಪಿ ಮುಗಿಸಿ, ನಾನು ಹಿಂದೆ ಕೂತು, ಇಬ್ಬರೂ ಅಲ್ಲಿಗೆ ಹೋದೆವು.

ಒಂದು ಹಳೆಯ ಹೆಂಚಿನ ಮನೆ, ಅದರ ಪಕ್ಕಕ್ಕೆ ತಗಡಿನ ಶೆಡ್ಡು. ಗೋಡೆಯ ಮೇಲೆ ಅವರೇ ಬರೆದ ಬುದ್ಧನ ಚಿತ್ರ, ಅದರ ಕೆಳಗೆ ಸಾಲಾಗಿ ಬಣ್ಣದ ಡಬ್ಬಿಗಳು. ಅರವತ್ತೈದು ದಾಟಿದ, ಸಣ್ಣ ಮೈಕಟ್ಟಿನ ಮನುಷ್ಯ ಒಂದು ಹಳೆಯ ಬಿಳಿ ಕಾರಿನ ಪಕ್ಕದಲ್ಲಿ ನಿಂತಿದ್ದರು. "ಕೂತ್ಕಳಿ ಅಮ್ಮಾವ್ರೇ, ಇದೊಂದು ಎಳೆದ್ಬುಡ್ತೀನಿ" ಎಂದು ನನ್ನ ಕಡೆ ಒಂದು ಸ್ಟೂಲ್ ತಳ್ಳಿದರು.

ನಾನು ಕೂತೆ. ಆಮೇಲೆ ನೋಡಿದ್ದನ್ನು ಹೇಗೆ ಹೇಳಲಿ!

ಒಂದು ಹಳೆಯ ಮದುವೆ ಪತ್ರಿಕೆಯ ನುಣುಪು ಕಾಗದದ ಮೇಲೆ ಎರಡು ತೊಟ್ಟು ಕೆಂಪು ಬಣ್ಣ ಹಾಕಿ, ಬ್ರಶ್ಶನ್ನು ಅದರಲ್ಲಿ ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ ಸವರಿದರು. ಕೂದಲೆಲ್ಲ ಕೂಡಿ ಚೂಪಾಗುವ ತನಕ ಸವರಿದರು. ಕಾರಿನ ಮುಂದಿನ ಬಾಗಿಲಿನ ಹತ್ತಿರ ಅದರ ತುದಿಯನ್ನು ಇಟ್ಟರು. ಆಮೇಲೆ ಹಿಂದಕ್ಕೆ ನಡೆದರು, ಅಷ್ಟೇ. ಕಾರಿನ ಉದ್ದಕ್ಕೂ ಒಂದೊಂದೇ ಹೆಜ್ಜೆ ಹಿಂದೆ ಇಡುತ್ತಾ ಹೋದರು, ಅವರ ಮುಂದೆ ಗೆರೆ ಹುಟ್ಟುತ್ತಾ ಬಂತು. ಪಟ್ಟಿ ಇಲ್ಲ, ಟೇಪ್ ಇಲ್ಲ, ಗುರುತಿಲ್ಲ. ಅವರು ಬ್ರಶ್ಶನ್ನು ನೋಡುತ್ತಲೂ ಇರಲಿಲ್ಲ. ಕಾರಿನ ಹಿಂದಿನ ದೀಪದ ಹತ್ತಿರ ನಿಂತು ಬ್ರಶ್ಶೆತ್ತಿದರು. ಏಳೆಂಟು ಹೆಜ್ಜೆ ಉದ್ದದ ಗೆರೆಯಲ್ಲಿ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಅನ್ನುವುದಿಲ್ಲ. ಐದು ದಶಕ ರಂಗೋಲಿ ಹಾಕಿದವಳು ನಾನು, ಎಳೆ ಎಂದರೆ ಏನೆಂದು ನನಗೆ ಗೊತ್ತು. ಇಂಥದ್ದನ್ನು ನಾನು ಕಂಡಿರಲಿಲ್ಲ.

ಕಂಡಿರಲಿಲ್ಲ ಎಂದರೆ ಸುಳ್ಳಾದೀತು. ಒಮ್ಮೆ ಕಂಡಿದ್ದೆ. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಟಾಂಗಾದಲ್ಲಿ ಮಾರುಕಟ್ಟೆಗೆ ಹೋಗುವಾಗ ನಾನು ಹಿಂದೆ ಕಾಲು ಇಳಿಬಿಟ್ಟು ಕೂತು ಬಗ್ಗಿ ಚಕ್ರ ನೋಡುತ್ತಿದ್ದೆ. ಚಕ್ರಕ್ಕೆ ಸುತ್ತ ಹಳದಿ ಗೆರೆ. ಅರೆಗಳು ಗಿರಗಿರ ತಿರುಗುತ್ತವೆ, ಗೆರೆ ಮಾತ್ರ ತಿರುಗುವುದೇ ಇಲ್ಲ! ನಿಂತಲ್ಲೇ ನಿಂತಿರುತ್ತದೆ. "ಅಜ್ಜಿ, ಗೆರೆ ಯಾಕೆ ಬರ್ತಾ ಇಲ್ಲ?" ಎಂದು ಕೇಳಿದ್ದಕ್ಕೆ ಅಜ್ಜಿ, "ಬಗ್ಗಬೇಡ್ವೇ, ಬಿದ್ದು ಹಲ್ಲು ಮುರ್ಕೊಂಡೀಯ" ಎಂದು ಜಡೆ ಹಿಡಿದು ಎಳೆದಿದ್ದರು.

ಇದನ್ನು ಸಿದ್ದರಾಜು ಅವರಿಗೆ ಹೇಳಿದೆ. ಅವರ ಮುಖ ಅರಳಿತು.

"ನಾನು ಕೈ ಪಳಗಿಸಿದ್ದೇ ಟಾಂಗಾ ಚಕ್ರದ ಮ್ಯಾಲೆ ಕಣಮ್ಮ. ನಮ್ಮಪ್ಪ ಚಕ್ರ ಎತ್ತಿ ನಿಲ್ಲಿಸಿ ತಿರುಗಿಸೋನು. ನಾನು ಬ್ರಶ್ ಇಡ್ಕೊಂಡು ಅಲ್ಲಾಡದಂಗೆ ಕೂತ್ಕಬೇಕು. ಚಕ್ರವೇ ಬಂದು ಗೆರೆ ಎಳ್ಕಂಡು ಓಯ್ತಿತ್ತು. ಒಂದು ಕೂದ್ಲಷ್ಟು ಕೈ ಅಲ್ಲಾಡಿದ್ರೂ ಗಾಡಿ ಓಡ್ವಾಗ ಗೆರೆ ಕುಣೀತಿತ್ತು, ಇಡೀ ಊರಿಗೇ ಕಾಣೋದು."

ಆಗ ನನಗೆ ಹೊಳೆಯಿತು. ಇವರು ಕಾರಿನ ಗೆರೆ ಎಳೆದಾಗಲೂ ಮಣಿಕಟ್ಟು ಅಲುಗಿರಲಿಲ್ಲ. ನಡೆದದ್ದು ಕಾಲು, ತಿರುಗಿದ್ದು ಸೊಂಟ. ಕೈ ಸುಮ್ಮನೆ ಇತ್ತು. ನನ್ನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು.

"ಇದನ್ನ ನನಗೆ ಕಲಿಸ್ತೀರಾ?"

ನಮ್ಮ ಯಜಮಾನರು ನನ್ನನ್ನು ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನೋಡುವ ಹಾಗೆ ನೋಡಿದರು. ನಾನು ಸಿದ್ದರಾಜು ಅವರಿಗೆ ಎಲ್ಲವನ್ನೂ ಹೇಳಿದೆ. ಬಿದ್ದದ್ದು, ನಡುಕ, ಸ್ಟಿಕ್ಕರ್, ಎಲ್ಲ. ಕಟ್ಟಿಕೊಂಡವರಿಗೆ ಹೇಳದ್ದನ್ನು ಅರ್ಧ ಗಂಟೆಯ ಪರಿಚಯದವರಿಗೆ ಹೇಳಿದೆ. ಯಜಮಾನರು ಗೋಡೆಯ ಕಡೆ ತಿರುಗಿ ಬಣ್ಣದ ಡಬ್ಬಿಗಳನ್ನು ಎಣಿಸುತ್ತಾ ನಿಂತರು.

"ತೋರ್ಸಿ ಕೈಯ" ಎಂದರು ಸಿದ್ದರಾಜು. ನಾನು ಚಾಚಿದೆ. ಅದು ನಡುಗುತ್ತಿತ್ತು. ಅವರು ಸುಮಾರು ಹೊತ್ತು ನೋಡಿ, "ಇದಕ್ಕೆ ಮಣಿಕಟ್ಟಿನ ಕೆಲ್ಸವೇ ಇಲ್ಲ ಬುಡಿ. ಬನ್ನಿ, ಕಲ್ತ್ಕಳಿ" ಎಂದರು.

"ಆದ್ರೆ ನನ್ನ ಗಾಡಿ ಮೇಲೆ ಬೇಡ" ಎಂದರು ಯಜಮಾನರು ಅಲ್ಲಿಂದಲೇ.

ಟ್ಯಾಂಕಿನ ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲಿ, ಒಂದೂವರೆ ತಿಂಗಳು ಬಿಟ್ಟು ತನ್ನಿ ಎಂದು ಸಿದ್ದರಾಜು ಇವರಿಗೆ ಹೇಳಿ ಕಳಿಸಿದರು. ನನಗೆ ಆ ಒಂದೂವರೆ ತಿಂಗಳು ವಾರಕ್ಕೆ ಎರಡು ದಿನ ಪಾಠ. ಕಿಟಕಿಯ ಗಾಜು ಒಂದನ್ನು ಮೇಜಿನ ಮೇಲೆ ಒರಗಿಸಿ ಕೊಟ್ಟರು. ಅಂಚಿನ ಮೇಲೆ ಕಿರುಬೆರಳು ಊರಬೇಕು, ಅದೇ ದಾರಿ ತೋರಿಸುತ್ತದೆ. ಹೆಬ್ಬೆರಳು ತೋರುಬೆರಳು ಬ್ರಶ್ಶನ್ನು ಹಿಡಿದ ಮೇಲೆ ಮರೆತುಬಿಡಬೇಕು. ತೋಳು ಮತ್ತು ಮೈ ಒಟ್ಟಿಗೆ ಹಿಂದೆ ಸರಿಯಬೇಕು. ತಪ್ಪಾದರೆ ಬಣ್ಣ ಹಸಿಯಿರುವಾಗಲೇ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಹೇಳುವುದಕ್ಕೆ ಇಷ್ಟೇ.

ಮೊದಲ ದಿನ ನಾನು ಜಾಣತನ ತೋರಿಸಿದೆ. ಅವರು ಟೀ ತರಲು ಒಳಗೆ ಹೋದಾಗ ಸೀಮೆಸುಣ್ಣ ತೆಗೆದುಕೊಂಡು ಗಾಜಿನ ಮೇಲೆ ಒಂದೊಂದು ಅಂಗುಲಕ್ಕೆ ಒಂದೊಂದು ಚುಕ್ಕಿ ಇಟ್ಟೆ. ಚುಕ್ಕಿ ಇಡದೆ ಎಳೆ ಎಳೆದು ನನಗೆ ಗೊತ್ತೇ ಇಲ್ಲ. ಚುಕ್ಕಿಯಿಂದ ಚುಕ್ಕಿಗೆ ಅಚ್ಚುಕಟ್ಟಾಗಿ ಸೇರಿಸುತ್ತಾ ಹೋದೆ. ಮುಗಿಸಿ ನೋಡಿದರೆ ಗೆರೆಗೆ ಚುಕ್ಕಿಗೊಂದರಂತೆ ಗಂಟು. ಅವರು ಟೀ ಲೋಟ ಹಿಡಿದು ಬಂದು ನೋಡಿ ಜೋರಾಗಿ ನಕ್ಕುಬಿಟ್ಟರು.

"ಇದೇನಮ್ಮ, ನುಗ್ಗೇಕಾಯಿ ಬರ್ದಿದ್ದೀರಲ್ಲ!"

"ಚುಕ್ಕಿ ಇಲ್ದೆ ಎಲ್ಲಿಗೆ ಹೋಗ್ಬೇಕು ಅಂತ ಹೇಗೆ ಗೊತ್ತಾಗ್ಬೇಕು?" ಎಂದೆ ಸಿಟ್ಟಿನಲ್ಲಿ.

"ಚುಕ್ಕಿ ಕಂಡ ತಾವೆಲ್ಲ ಕೈ ಬಂದ್ಬುಟ್ಟೆ ಅಂತ ನಿಂತ್ಕತದೆ ಕಣಮ್ಮ. ಕೈಗೆ ಊರು ತೋರಿಸ್ಬ್ಯಾಡಿ. ಕಣ್ಣು ಮುಂದುಕ್ಕೆ ಇಟ್ಟು ಬುಟ್ಬುಡಿ. ಕಣ್ಣು ಎಲ್ಲಿಗೋ ಕೈ ಅಲ್ಲಿಗೆ ಬತ್ತದೆ."

ಬರಲಿಲ್ಲ. ಎರಡು ವಾರ ಬರಲಿಲ್ಲ. ಅವರು ಒಂದು ಬ್ರಶ್ಶನ್ನು ಮನೆಗೆ ಕೊಟ್ಟರು. ನಮ್ಮ ಫ್ರಿಜ್ಜಿನ ಬಾಗಿಲು, ಸ್ಟೀಲ್ ಬೀರು, ಗ್ಯಾಸ್ ಸಿಲಿಂಡರು, ಯಾವುದನ್ನೂ ನಾನು ಬಿಡಲಿಲ್ಲ. ಎಳೆಯುವುದು, ಒರೆಸುವುದು, ಎಳೆಯುವುದು, ಒರೆಸುವುದು. ಹುಳಿಯಲ್ಲೂ ಸೀಮೆಎಣ್ಣೆ ವಾಸನೆ ಬರುತ್ತಿದೆ ಎಂದು ಯಜಮಾನರ ತಕರಾರು. ಫಿಸಿಯೋಥೆರಪಿ ಹುಡುಗಿ ಮಣಿಕಟ್ಟು ಅಲ್ಲಾಡಿಸಿ ಎನ್ನುತ್ತಾಳೆ, ಸಿದ್ದರಾಜು ಮಣಿಕಟ್ಟು ಅಲ್ಲಾಡಿಸಬೇಡಿ ಎನ್ನುತ್ತಾರೆ. ನಾನು ಇಬ್ಬರ ಮಾತನ್ನೂ ಕೇಳಿದೆ, ಬೇರೆ ಬೇರೆ ಹೊತ್ತಿನಲ್ಲಿ.

ಒಂದು ಸಂಜೆ ಫ್ರಿಜ್ಜಿನ ಮೇಲೆ ಮೇಲಿನಿಂದ ಕೆಳಗಿನ ತನಕ ಒಂದು ಗೆರೆ ಬಂತು. ನಡುಕ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಗೆರೆಯ ಒಳಗೆ ಸೇರಿರಲಿಲ್ಲ, ಎಲ್ಲೋ ಮೊಣಕೈಯ ಹತ್ತಿರವೇ ನಿಂತುಹೋಗಿತ್ತು. ನಾನು ಅದನ್ನು ಒರೆಸದೆ ಸುಮಾರು ಹೊತ್ತು ನೋಡುತ್ತಾ ನಿಂತೆ. ಯಾವಾಗಲೋ ಯಜಮಾನರು ಬಂದು ನನ್ನ ಹಿಂದೆ ನಿಂತಿದ್ದರು.

"ತಪ್ಪೇನಿಲ್ಲ" ಎಂದರು.

ಒಂದೂವರೆ ತಿಂಗಳಾಯಿತು. ಬುಲೆಟ್ಟನ್ನು ಶೆಡ್ಡಿಗೆ ತಂದು ನಿಲ್ಲಿಸಿದೆವು. ಸಿದ್ದರಾಜು ಟ್ಯಾಂಕನ್ನು ಮಗುವಿನ ಮುಖ ಒರೆಸುವ ಹಾಗೆ ಒರೆಸಿ, ಚಿನ್ನದ ಬಣ್ಣ ಕಲಸಿ, ನಮ್ಮಿಬ್ಬರ ಮುಖವನ್ನೂ ನೋಡಿದರು.

"ಸಾರ್, ಒಂದು ಪಕ್ಕ ನಾನು ಎಳೀತೀನಿ. ಇನ್ನೊಂದು ಪಕ್ಕ ಅಮ್ಮಾವ್ರು ಎಳೀಲಿ."

ಫ್ರಿಜ್ಜಿನ ಮೇಲೆ ಎಳೆಯುವುದು ಬೇರೆ, ಈ ಟ್ಯಾಂಕು ಬೇರೆ. ಇದರಲ್ಲಿ ಕೆಟ್ಟರೆ ನಾನು ಇನ್ನೊಮ್ಮೆ ಬ್ರಶ್ಶನ್ನಾಗಲಿ ಪುಡಿಯನ್ನಾಗಲಿ ಮುಟ್ಟುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಬೇಡ, ಬೇಡ, ನೀವೇ ಎಳೀರಿ" ಎಂದೆ. ಯಜಮಾನರು ಟ್ಯಾಂಕನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಮತ್ತೆ ಟ್ಯಾಂಕನ್ನು ನೋಡಿದರು.

"ಎಳಿ ಸರೋಜಾ. ಹೋದ್ರೆ ಒಂದು ಗೆರೆ ತಾನೇ" ಎಂದರು. ಆಮೇಲೆ, "ನನಗೆ ನೋಡೋಕಾಗಲ್ಲ, ನಾನು ಕಾಫಿ ಕುಡಿದು ಬರ್ತೀನಿ" ಎಂದು ಹೆಲ್ಮೆಟ್ಟನ್ನು ಹಾಕಿಕೊಂಡೇ ನಡೆದು ಹೊರಟುಹೋದರು.

ಸಿದ್ದರಾಜು ಎಡಪಕ್ಕ ಎಳೆದರು. ಟ್ಯಾಂಕಿನ ಮುಂದಿನಿಂದ ಹೊರಟು, ಮಂಡಿ ತಾಗುವ ಕಡೆ ಬಳುಕಿ ಇಳಿದು, ಮತ್ತೆ ಹಿಂದಕ್ಕೆ ಹೋಗಿ ಕೂಡುವ ಗೆರೆ. ಒಂದೇ ಎಳೆತ. ಆ ಗೆರೆ ಅಲ್ಲಿ ಮೊದಲಿನಿಂದಲೂ ಇತ್ತು, ಇವರು ಮೇಲಿನ ಧೂಳು ಒರೆಸಿದರು ಅಷ್ಟೇ ಎನ್ನುವ ಹಾಗಿತ್ತು.

ನಾನು ಬಲಪಕ್ಕಕ್ಕೆ ಬಂದೆ. ಬಣ್ಣ ಸವರಿಕೊಂಡೆ. ಕಿರುಬೆರಳು ಊರಿದೆ. "ಉಸ್ರು ಬಿಗಿ ಇಡೀಬ್ಯಾಡಿ" ಎಂದರು ಸಿದ್ದರಾಜು ಮೆತ್ತಗೆ. ಕಣ್ಣನ್ನು ಮುಂದಕ್ಕೆ ಇಟ್ಟೆ. ಕೈಯನ್ನು ಬಿಟ್ಟುಬಿಟ್ಟೆ.

ಹೊರಟಿತು. ಆಹಾ, ಹೊರಟಿತು! ತಣ್ಣಗಿನ ಲೋಹದ ಮೇಲೆ ಬ್ರಶ್ಶಿನ ಕೂದಲು ಹಾಸಿಕೊಂಡು ಹೋಗುವುದು ಬೆರಳಿಗೆ ತಿಳಿಯುತ್ತಿತ್ತು. ಒಂದು ವರ್ಷದ ಮೇಲೆ ಮೊದಲ ಸಲ ಈ ಕೈ ನನ್ನದು ಅನ್ನಿಸಿತು. ಮಂಡಿಯ ಬಳುಕಿಗೆ ಬಂದಾಗ ಆ ಸಂತೋಷಕ್ಕೇ ಇರಬೇಕು, ಗೆರೆ ಒಂದು ಎಳ್ಳಿನಷ್ಟು ಅಲುಗಿತು. ನಿಲ್ಲಿಸಲಿಲ್ಲ. ಇಳಿಸಿ, ತಿರುಗಿಸಿ, ಹಿಂದಕ್ಕೆ ತಂದು ಕೂಡಿಸಿದೆ.

ಬ್ರಶ್ಶೆತ್ತಿ ನೋಡಿದೆ. ಎಲ್ಲ ಸರಿಯಾಗಿತ್ತು, ಆ ಎಳ್ಳೊಂದನ್ನು ಬಿಟ್ಟು. ನನಗೆ ಬೇರೇನೂ ಕಾಣದಾಯಿತು. ಅಜ್ಜಿಯ ಮೊಮ್ಮಗಳಲ್ಲವೇ, ಕೈ ತಾನಾಗಿ ಸೀಮೆಎಣ್ಣೆ ಬಟ್ಟೆಯ ಕಡೆ ಹೋಯಿತು. ಸಿದ್ದರಾಜು ಅದನ್ನು ಮೊದಲೇ ಎತ್ತಿಕೊಂಡರು.

"ಅಳಿಸ್ಬ್ಯಾಡಿ."

"ಕೆಟ್ಟಿದೆ, ನೋಡಿ ಇಲ್ಲಿ. ಅವರ ಗಾಡಿ ಇದು. ಇನ್ನೊಂದು ಸಲ ಎಳೀತೀನಿ, ಕೊಡಿ."

"ಇಲ್ಲಿ ಎಲ್ಲೂ ನಿಲ್ಲಿಸ್ನಿಲ್ಲ ನೀವು. ಅಲುಗ್ದ ಮ್ಯಾಲೂ ಎಳ್ಕಂಡು ಓದ್ರಲ್ಲ, ಅದು ಬೇಕಿತ್ತು ನಂಗೆ. ಇದನ್ನ ಅಳಿಸಿದ್ರೆ ನಿಮ್ಮ ಕೈಗೆ ಅಳಿಸಿದ್ದೇ ಗ್ಯಾನ ಇರ್ತದೆ" ಎಂದರು.

ಹೇಳಿ, ಆ ಬಟ್ಟೆಯನ್ನು ಹಿಡಿದುಕೊಂಡು ಟ್ಯಾಂಕಿನ ಎಡಪಕ್ಕಕ್ಕೆ ಹೋದರು. ಹೋಗಿ, ತಾವು ಎಳೆದಿದ್ದ ಗೆರೆಯನ್ನು ಒಂದೇ ಸಲಕ್ಕೆ ಒರೆಸಿಹಾಕಿದರು.

"ಅಯ್ಯೋ, ಏನ್ ಮಾಡಿದ್ರಿ!" ನಾನು ಕೂಗಿಯೇಬಿಟ್ಟೆ.

"ಎರಡು ಪಕ್ಕನೂ ಜೋಡಿ ಇರ್ಬೇಕಲ್ವಾ ಅಮ್ಮಾವ್ರೇ" ಎಂದರು, ಅದರಲ್ಲೇನು ವಿಶೇಷ ಎನ್ನುವ ಹಾಗೆ.

ನನ್ನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು ನನ್ನ ಗೆರೆಯನ್ನು ನೋಡಿದರು. ತುಂಬ ಹೊತ್ತು ನೋಡಿದರು. ನನ್ನ ಗೆರೆಯನ್ನು ಯಾರೂ ಅಷ್ಟು ಹೊತ್ತು ನೋಡಿದ್ದಿಲ್ಲ. ಎದ್ದು ಹೋಗಿ, ಬಣ್ಣ ಸವರಿ, ಎಡಪಕ್ಕದಲ್ಲಿ ಮತ್ತೆ ಎಳೆದರು. ಮಂಡಿಯ ಬಳುಕಿಗೆ ಬಂದಾಗ, ಸರಿಯಾಗಿ ಅದೇ ಜಾಗದಲ್ಲಿ, ಅದೇ ಎಳ್ಳಿನಷ್ಟು, ಗೆರೆ ಅಲುಗಿತು. ಅವರ ಕೈ ಅಲುಗಲಿಲ್ಲ. ನಾನು ಕಣ್ಣಾರೆ ನೋಡಿದೆ, ಕೈ ಒಂದಿಷ್ಟೂ ಅಲುಗಲಿಲ್ಲ. ನಲವತ್ತೈದು ವರ್ಷ ನಡುಕವನ್ನೇ ಕಾಣದ ಕೈ ನನ್ನ ನಡುಕವನ್ನು, ಅದೂ ಎಡಬಲ ತಿರುಗಿಸಿ, ನೋಡಿಕೊಂಡು ಬರೆದಿತ್ತು. ನಾನು ಎರಡು ಕಡೆಗೂ ನಾಲ್ಕು ಸಲ ಓಡಾಡಿ ನೋಡಿದೆ. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಯಜಮಾನರು ಕಾಫಿ ಮುಗಿಸಿ ಬಂದರು. ನಮ್ಮಿಬ್ಬರ ಮುಖ ನೋಡಿ ಏನೂ ತಿಳಿಯಲಿಲ್ಲ ಎಂದು ಕಾಣುತ್ತದೆ. "ಹೇಳ್ಬೇಡಿ, ಹೇಳ್ಬೇಡಿ. ಯಾವುದು ಯಾರದು ಅಂತ ನಾನೇ ಹೇಳ್ತೀನಿ" ಎಂದು ಹೆಲ್ಮೆಟ್ ತೆಗೆದು ಕನ್ನಡಕ ಸರಿಮಾಡಿಕೊಂಡರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು. ಎಡಪಕ್ಕದಲ್ಲಿ ಬಗ್ಗಿ, ಮುಂದಿನಿಂದ ನೋಡುತ್ತಾ ಬಂದು ಬಳುಕಿನ ಹತ್ತಿರ ನಿಂತರು.

"ಸಿಕ್ತು! ಇಲ್ಲಿ ಒಂಚೂರು ಅಲ್ಲಾಡಿದೆ ನೋಡು. ಇದು ನಿಂದು. ಆದ್ರೂ ಪರವಾಗಿಲ್ಲ ಕಣೇ, ಬಹಳ ಚೆನ್ನಾಗಿ ಬಂದಿದೆ."

"ಅಲ್ಲ ಸಾರ್, ಅದು ನಂದು" ಎಂದರು ಸಿದ್ದರಾಜು. "ಕೈ ವಸಿ ಅಲ್ಲಾಡ್ಬುಡ್ತು."

ಯಜಮಾನರು ಪೆಚ್ಚಾದರು. "ಛೆ ಛೆ, ಅಲ್ಲಾಡಿಲ್ಲ, ನನ್ನ ಕಣ್ಣೇ ಸರಿಯಿಲ್ಲ" ಎನ್ನುತ್ತಾ ಬಲಪಕ್ಕಕ್ಕೆ ಬಂದರು. ಬಗ್ಗಿದರು. ಬಳುಕಿನ ಹತ್ತಿರ ನಿಂತರು. ಎದ್ದು ಮತ್ತೆ ಎಡಕ್ಕೆ ಹೋದರು, ಮತ್ತೆ ಬಲಕ್ಕೆ ಬಂದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ನಾನು ಒರೆಸಿಕೊಳ್ಳಲೂ ಇಲ್ಲ. ಅವರು ನಿಧಾನವಾಗಿ ಸಿದ್ದರಾಜು ಅವರ ಕಡೆ ತಿರುಗಿ, ಹೆಲ್ಮೆಟ್ಟನ್ನು ನೆಲದ ಮೇಲಿಟ್ಟು, ಎರಡೂ ಕೈ ಎತ್ತಿ ಮುಗಿದರು.

"ಅಯ್ಯೋ, ಬುಡಿ ಸಾರ್" ಎಂದು ಸಿದ್ದರಾಜು ನಾಚಿಕೊಂಡು ಹಿಂದೆ ಸರಿದರು. "ವಸಿ ಇತ್ತಗೆ ಬನ್ನಿ, ಬಣ್ಣ ಇನ್ನೂ ಅಸಿ ಅದೆ, ಅಮ್ಮಾವ್ರ ಗೆರೆಗೆ ಪ್ಯಾಂಟ್ ತಗಲ್ತದೆ."